ಬಾಗಿಲಿನ ಪಕ್ಕಕ್ಕೆ ನಿಲ್ಲುತ್ತಿದ್ದವರು

ಆರಡಿ ಎತ್ತರ, ಹೆಗಲ ಹತ್ತಿರ ಬಿಸಿಲಿಗೆ ಕಂದಿದ ಕರಿ ಕೋಟು, ಕಂಕುಳಲ್ಲಿ ಫೈಲು. ಯಾರ ಮನೆಗೆ ಹೋದರೂ ನಮ್ಮ ವಕೀಲ ಸಾಹೇಬರು ಬಾಗಿಲಿಗೆ ಎದುರಾಗಿ ನಿಲ್ಲುತ್ತಿರಲಿಲ್ಲ. ಎರಡು ಹೆಜ್ಜೆ ಪಕ್ಕಕ್ಕೆ ಸರಿದು, ಗೋಡೆಗೆ ಭುಜ ತಾಗುವಷ್ಟು ಹತ್ತಿರ, ಮುಖವನ್ನು ಬೀದಿಯ ಕಡೆ ತಿರುಗಿಸಿಕೊಂಡು ಮನೆಯವರನ್ನು ಕರೆಯುತ್ತಿದ್ದರು. ಬಾಗಿಲು ಹಾರು ಹೊಡೆದಿದ್ದರೂ ಒಳಗೆ ಕಣ್ಣು ಹಾಯಿಸುತ್ತಿರಲಿಲ್ಲ. ಒಮ್ಮೆ ಕರೆದು ಸ್ವಲ್ಪ ಹೊತ್ತು ಕಾಯುವುದು, ಮತ್ತೊಮ್ಮೆ ಕರೆದು ಸ್ವಲ್ಪ ಹೊತ್ತು ಕಾಯುವುದು. ಮೂರನೆಯ ಸಲಕ್ಕೂ ಉತ್ತರ ಬರದಿದ್ದರೆ ಬಂದ ದಾರಿಯಲ್ಲೇ ವಾಪಸ್ಸು. ಗೊತ್ತಿಲ್ಲದವರು ನೋಡಿದರೆ ಈ ಮನುಷ್ಯ ಬಸ್ಸಿಗೆ ಕಾಯುತ್ತಿದ್ದಾನೆ ಎಂದುಕೊಳ್ಳಬೇಕು.

ಮೊದಲ ಸಲ ನೋಡಿದಾಗ ನನಗೆ ನಗು ತಡೆಯಲಾಗಲಿಲ್ಲ. ಅವರು ಬೇಸರ ಮಾಡಿಕೊಳ್ಳಲಿಲ್ಲ. "ನಗ್ಬೇಡ ಬೇಟಿ. ನಮ್ಮ ನಾನಿ ಕಿವಿ ಹಿಂಡಿ ಕಲಿಸಿದ್ದು ಇದು. ಮನಿಯೋರು ಒಳಗ ಹೆಂಗಿರ್ತಾರೋ ಏನೋ. ನಾವು ನೋಡೋಕೆ ಮುಂಚೆ ಅವರು ಸಿದ್ಧ ಆಗ್ಬೇಕಲ್ಲ?" ಎಂದರು. ಪರರ ಮನೆಗೆ ಅಪ್ಪಣೆ ಕೇಳದೆ, ಸಲಾಂ ಹೇಳದೆ ಕಾಲಿಡಬಾರದು ಎಂದು ಅವರ ಧರ್ಮದಲ್ಲಿ ಹೇಳಿದೆಯಂತೆ. ಅಜ್ಜಿ ಹೇಳಿಕೊಟ್ಟಿದ್ದನ್ನು ಅವರು ಅರವತ್ತರ ವಯಸ್ಸಿನಲ್ಲೂ ಚಾಚೂ ತಪ್ಪದೆ ಪಾಲಿಸುತ್ತಿದ್ದರು.

ಎಪ್ಪತ್ತರ ದಶಕದ ಕೊನೆಯ ವರ್ಷಗಳು. ನಾನು ದಾವಣಗೆರೆಯಲ್ಲಿ ಕಾನೂನು ಓದುತ್ತಿದ್ದೆ. ನಮ್ಮದು ಜವಳಿ ವ್ಯಾಪಾರದ ಮನೆತನ. ಮಗಳು ಕರಿ ಕೋಟು ಹಾಕಿಕೊಳ್ಳುತ್ತೇನೆ ಎಂದಾಗ ಅಪ್ಪ ಮೂರು ದಿನ ನನ್ನ ಜೊತೆ ಮಾತು ಬಿಟ್ಟಿದ್ದರು. ಸಾಹೇಬರು ಬೆಳಿಗ್ಗೆ ಏಳಕ್ಕೆ ನಮಗೆ ಸಂವಿಧಾನದ ಪಾಠ ಹೇಳಿ, ಹತ್ತಕ್ಕೆ ಟಾಂಗಾ ಹಿಡಿದು ಕೋರ್ಟಿಗೆ ಹೋಗುವವರು. ತರಗತಿಗೆ ಪುಸ್ತಕ ತರುತ್ತಿರಲಿಲ್ಲ. ನಮ್ಮ ಕೈಯಲ್ಲೇ ಪುಸ್ತಕ ಬಿಚ್ಚಿಸಿ ಹುಡುಕಿಸುತ್ತಿದ್ದರು.

ಒಂದು ದಿನ, "ನಿಮ್ಮ ಖಾಸಗಿ ಬದುಕಿನ ಹಕ್ಕು ಇದರೊಳಗ ಎಲ್ಲೈತೆ, ತೋರಿಸ್ರಿ ನೋಡೋಣ" ಎಂದು ಸುಮ್ಮನೆ ಕೂತುಬಿಟ್ಟರು. ನಾವು ಮೂವತ್ತು ಜನ ಸಂವಿಧಾನವನ್ನು ಹಿಂದುಮುಂದು ಮಾಡಿ ಜಾಲಾಡಿದೆವು. ಸಿಗಲಿಲ್ಲ. ಗಂಟೆ ಹೊಡೆಯಲು ಹತ್ತು ನಿಮಿಷವಿದ್ದಾಗ ಅವರು ಎದ್ದು ನಿಂತು, "ಸಿಗಂಗಿಲ್ಲ. ಆ ಮಾತೇ ಅದರಾಗ ಇಲ್ಲ. ಆದ್ರ ಇಪ್ಪತ್ತೊಂದನೇ ವಿಧಿ ಐತೆ, ಜೀವ, ಸ್ವಾತಂತ್ರ್ಯ ಅಂತ. ಅದರ ಹೊಟ್ಯಾಗ ಇದು ಐತೋ ಇಲ್ಲೋ, ಅದೇ ಜಗಳ" ಎಂದರು.

ಆ ಜಗಳದ ಕಥೆಯನ್ನು ಅವರ ಬಾಯಲ್ಲಿ ಕೇಳಬೇಕಿತ್ತು. ಒಬ್ಬನ ಮನೆ ಅವನ ಕೋಟೆ ಎಂದ ಇಂಗ್ಲೆಂಡಿನ ಹಳೆಯ ತೀರ್ಪಿನಿಂದ ಶುರು. ಆಮೇಲೆ ಅಮೆರಿಕದ ಇಬ್ಬರು ವಕೀಲರು. ಊರಿನ ಪತ್ರಿಕೆಗಳು ಮನೆಮನೆಯ ಸುದ್ದಿಯನ್ನು ಬೀದಿಗೆ ತರುವುದನ್ನು ನೋಡಿ ರೋಸಿಹೋಗಿ, ಮನುಷ್ಯನಿಗೆ ತನ್ನ ಪಾಡಿಗೆ ತಾನಿರುವ ಹಕ್ಕಿದೆ ಎಂದು ಅವರು ಲೇಖನ ಬರೆದರು. ಎರಡನೆಯ ಮಹಾಯುದ್ಧ ಮುಗಿದ ಮೇಲೆ ವಿಶ್ವಸಂಸ್ಥೆಯ ಘೋಷಣೆ ಬಂತು. ಅದರ ಹನ್ನೆರಡನೆಯ ವಿಧಿಯಲ್ಲಿ ಮನೆ, ಕುಟುಂಬ, ಕಾಗದಪತ್ರ, ಮಾನ ಎಲ್ಲವನ್ನೂ ಒಟ್ಟಿಗೆ ಇಟ್ಟಿದ್ದಾರೆ. ನಮ್ಮ ದೇಶದಲ್ಲಿ ಅರವತ್ತರ ದಶಕದ ಮೊದಲಲ್ಲಿ, ಒಮ್ಮೆ ಆಪಾದಿತನಾಗಿದ್ದವನ ಮನೆಗೆ ಪೊಲೀಸರು ರಾತ್ರಿ ಹೊತ್ತು ನುಗ್ಗುವುದು ಸರಿಯೇ ಎಂಬ ಪ್ರಶ್ನೆ ಸುಪ್ರೀಂ ಕೋರ್ಟಿಗೆ ಹೋಯಿತು. ಆರು ಜನ ನ್ಯಾಯಮೂರ್ತಿಗಳು. ಹಾಗೆ ನುಗ್ಗುವುದು ತಪ್ಪು ಎಂದು ಎಲ್ಲರೂ ಒಪ್ಪಿದರು. ಆದರೆ ಖಾಸಗಿತನವೆಂಬ ಹಕ್ಕು ಸಂವಿಧಾನದಲ್ಲಿಲ್ಲ ಎಂದು ನಾಲ್ವರು ಹೇಳಿದರೆ, ಇದೆ ಎಂದವರು ಇಬ್ಬರೇ. ಎಪ್ಪತ್ತೈದರ ಇನ್ನೊಂದು ತೀರ್ಪಿನಲ್ಲಿ ಆ ಹಕ್ಕು ಇದೆಯೆಂದೇ ಇಟ್ಟುಕೊಳ್ಳೋಣ, ಆದರೆ ಅದಕ್ಕೂ ಮಿತಿ ಉಂಟು ಎಂದರು. "ಇಟ್ಟುಕೊಳ್ಳೋಣ ಅಂದಾರ. ಅಷ್ಟು ಸಾಕು. ಬಾಗ್ಲು ಒಂದು ಬೆರಳು ತೆರೆದೈತೆ" ಎಂದು ಸಾಹೇಬರು ಕೈಯೆತ್ತಿ ಬೆರಳು ತೋರಿಸುತ್ತಿದ್ದರು.

ತುರ್ತುಪರಿಸ್ಥಿತಿಯ ಕಾಲದಲ್ಲಿ ಅವರಿಗೆ ಬರುವ ಕಾಗದಗಳು ಒಡೆದು ಅಂಟಿಸಿದ ಗುರುತಿನೊಂದಿಗೆ ಬರುತ್ತಿದ್ದವಂತೆ. ಅದಕ್ಕೆ ತಾವು ಬರೆಯುವ ಪ್ರತಿ ಕಾಗದದ ಕೊನೆಯಲ್ಲಿ, ನಡುವೆ ಓದುತ್ತಿರುವ ಮಹನೀಯರಿಗೂ ನಮ್ಮ ಸಲಾಂ ಎಂದು ಸೇರಿಸುತ್ತಿದ್ದರಂತೆ. ಇದನ್ನು ಹೇಳಿ ಅವರೇ ಗಟ್ಟಿಯಾಗಿ ನಗುತ್ತಿದ್ದರು.

ಓದು ಮುಗಿಸಿ ನಾನು ಅವರ ಕಚೇರಿಗೇ ಜೂನಿಯರ್ ಆಗಿ ಸೇರಿದೆ. ಸೇರಿದ ಎರಡನೆಯ ವರ್ಷ ಹರಿಹರದಿಂದ ಒಬ್ಬ ಹೆಂಗಸು ಬಂದರು. ಗಂಡ ಸಾಮಿಲ್ಲಿನಲ್ಲಿ ಮರ ಕೊಯ್ಯುವ ಕೆಲಸದವನು. ಹರೆಯದಲ್ಲಿ ಕಬ್ಬಿಣ ಕದ್ದ ಕೇಸಿನಲ್ಲಿ ಸಿಕ್ಕಿ ಶಿಕ್ಷೆ ಅನುಭವಿಸಿದ್ದ. ಅದಾಗಿ ಹದಿನೈದು ವರ್ಷವಾದರೂ ಹೆಸರು ಮಾತ್ರ ಪೊಲೀಸರ ಪಟ್ಟಿಯಲ್ಲಿ ಹಾಗೇ ಉಳಿದಿತ್ತು. ವಾರಕ್ಕೊಮ್ಮೆ ಒಬ್ಬ ಪೇದೆ ಬಂದು, ಬೀದಿಯಲ್ಲಿ ನಿಂತು ಅವನ ಹೆಸರು ಹಿಡಿದು ಕೂಗಿ, ಒಳಗೆ ಹೋಗಿ, ಅಟ್ಟ, ಪೆಟ್ಟಿಗೆ ಎಲ್ಲ ನೋಡಿ ಹೋಗುತ್ತಿದ್ದ.

"ಬೈದ್ರೆ ಬೈಸ್ಕಂತೀವ್ರಿ. ಆದ್ರ ಮಗಳು ಮದ್ವಿಗೆ ಬಂದಾಳ. ಹೆಣ್ಣು ನೋಡಾಕೆ ಬಂದೋರು ಉಪ್ಪಿಟ್ಟು ತಿನ್ನಾಕತ್ತಿದ್ರು, ಇವ್ನು ಬಂದು ಪೆಟ್ಟಿಗಿ ತೆಗಿ ಅಂದ. ಅವ್ರು ತಾಟು ಕೆಳಗಿಟ್ಟು ಎದ್ದೋದ್ರು. ಇದು ಮೂರನೇ ಸಂಬಂಧ. ನಮ್ಮನೀನ ನಮ್ಮ ಪಾಡಿಗೆ ಬಿಡಂಗೆ ಮಾಡ್ರಿ ಸಾಹೇಬ್ರೆ, ಇನ್ನೇನೂ ಬ್ಯಾಡ" ಎಂದು ಆ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು.

ಸಾಹೇಬರ ಮುಖ ಕೆಂಪಾಯಿತು. ಹೈಕೋರ್ಟಿಗೆ ರಿಟ್ ಅರ್ಜಿ ಹಾಕುವುದೆಂದು ಆ ಕ್ಷಣವೇ ತೀರ್ಮಾನವಾಯಿತು. ಮನೆಯ ಹೆಂಗಸರ ಮಾತು ಕೇಳಿಕೊಂಡು ಬರಲು ನನ್ನನ್ನೇ ಹರಿಹರಕ್ಕೆ ಕಳಿಸಿದರು. ಅಡುಗೆಮನೆಯಲ್ಲಿ ಒಲೆಯ ಮುಂದೆ ಕೂತು ಆ ತಾಯಿಯ ಮಗಳು ನನಗೆ ಎಲ್ಲ ಹೇಳಿದಳು. ನನಗಿಂತ ಐದಾರು ವರ್ಷ ಚಿಕ್ಕವಳು. ಪೇದೆ ಬರತೊಡಗಿದ ಮೇಲೆ ತನ್ನ ದಿನಗಳು ಹೇಗಾಗಿವೆ, ಮನಸ್ಸು ಹೇಗಾಗಿದೆ ಎಂದು ಹೆತ್ತ ತಾಯಿಗೂ ಹೇಳದ ಒಂದೆರಡು ಸಂಗತಿ ಹೇಳಿದಳು. ಅವು ಏನೆಂದು ಇಲ್ಲಿ ಬರೆಯುವುದಿಲ್ಲ. ಒಂದು ಸಲ ಬರೆದು ಮಾಡಿದ ಘನಂದಾರಿ ಕೆಲಸವೇ ಸಾಕು. ಹೊರಡುವಾಗ ನನ್ನ ಕೈ ಹಿಡಿದು, "ಯಾರ ಮುಂದೂ ಹೇಳಬ್ಯಾಡ್ರಿ" ಎಂದಳು. ಹೇಳುವುದಿಲ್ಲ ಎಂದೆ.

ಅರ್ಜಿಯ ಆರನೆಯ ಪ್ಯಾರಾ ನನ್ನದು. ಅವಳು ಹೇಳಿದ್ದನ್ನೆಲ್ಲ ಅವಳ ಹೆಸರು ಸಮೇತ, ಬೀದಿ ಸಮೇತ, ಮುರಿದ ಸಂಬಂಧಗಳ ಊರುಗಳ ಸಮೇತ ಬರೆದಿದ್ದೆ. ಕೋರ್ಟೆಂದರೆ "ಯಾರ ಮುಂದೂ" ಎಂಬ ಮಾತಿಗೆ ಸೇರುವುದಿಲ್ಲ ಎಂದು ನನ್ನ ಲೆಕ್ಕ. ಹೊಸ ವಕೀಲೆಯ ಹುಮ್ಮಸ್ಸು, ಇನ್ನೇನು. ಸಾಹೇಬರು ಕನ್ನಡಕ ಹಣೆಗೇರಿಸಿ ಎರಡು ಸಲ ಓದಿ, "ಶಾಬಾಸ್ ಬೇಟಿ. ಇದನ್ನ ಓದಿದ ಜಡ್ಜು ಊಟ ಮಾಡಂಗಿಲ್ಲ" ಎಂದರು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಕೆಲವು ತಿಂಗಳಲ್ಲಿ ಆದೇಶ ಬಂತು. ಸಕಾರಣವಿಲ್ಲದೆ ಮನೆ ಹೊಗುವುದು, ಪೆಟ್ಟಿಗೆ ಜಾಲಾಡುವುದು ನಿಲ್ಲಬೇಕು. ಸಾಹೇಬರು ಕಚೇರಿಯಲ್ಲಿ ಎಲ್ಲರಿಗೂ ಬೆಣ್ಣೆದೋಸೆ ತರಿಸಿದರು. ಅದೇ ಹೊತ್ತಿಗೆ ಊರಿನ ಒಂದು ಸಣ್ಣ ಸಂಜೆ ಪತ್ರಿಕೆಯ ಸಂಪಾದಕ ಬಂದ. ಆ ಪತ್ರಿಕೆ ಈಗಿಲ್ಲ. ಅವನು ಅರ್ಜಿಯ ಪ್ರತಿ ಕೇಳಿದಾಗ ಸಾಹೇಬರು ದೋಸೆ ತಿನ್ನುತ್ತಲೇ, "ಕೊಡು ಬೇಟಿ, ತಮ್ಮ ಹಕ್ಕೇನು ಅಂತ ಜನಕ್ಕೆ ತಿಳೀಲಿ" ಎಂದರು. ತರಗತಿಯಲ್ಲಿ ನಮಗೆ ಕಲಿಸಿದ್ದನ್ನು ಇಡೀ ಊರಿಗೆ ಕಲಿಸುವ ಆಸೆ ಅವರಿಗೆ. ನಾನೇ ಬೀರು ತೆಗೆದು ಕೊಟ್ಟೆ.

ಮಾರನೆಯ ಸಂಜೆ ಆರನೆಯ ಪ್ಯಾರಾ ಒಂದಕ್ಷರ ಬಿಡದೆ ಮುಖಪುಟದಲ್ಲಿ ಅಚ್ಚಾಗಿತ್ತು.

ಎರಡು ದಿನ ಬಿಟ್ಟು ಆ ತಾಯಿ ಬಂದರು. ಅವರಿಗೆ ಓದು ಬರುತ್ತಿರಲಿಲ್ಲ. ಕಿರಾಣಿ ಅಂಗಡಿಯ ಮುಂದೆ ನಾಲ್ಕು ಜನರ ನಡುವೆ ಯಾರೋ ಗಟ್ಟಿಯಾಗಿ ಓದಿ ಹೇಳಿದ್ದರಂತೆ. ಕೂಡ್ರಿ ಎಂದರೂ ಕೂರಲಿಲ್ಲ. ಪತ್ರಿಕೆಯನ್ನು ಮೇಜಿನ ಮೇಲಿಟ್ಟು ಹೇಳಿದರು:

"ಪೊಲೀಸ್ನೋನು ವಾರಕ್ಕೊಂದ್ಸಲ ಒಬ್ನೇ ಬರ್ತಿದ್ದ ಸಾಹೇಬ್ರೆ. ನೀವು ಊರಿಗೆ ಊರನ್ನೇ ಮನಿಯೊಳಗೆ ಕರ್ಕಂಡ್ ಬಂದ್ರಿ."

ಸಾಹೇಬರು ಎದ್ದು ನಿಂತರು. "ತಪ್ಪಾತು ತಾಯಿ. ನಂದೇ ತಪ್ಪು" ಎಂದರು. ಬರೆದವಳು ಈಕೆ ಎಂದು ನನ್ನ ಕಡೆ ಕಣ್ಣು ಕೂಡ ಹೊರಳಿಸಲಿಲ್ಲ. ನಾನೂ ಬಾಯಿ ಬಿಡಲಿಲ್ಲ.

ಆ ತಾಯಿ ಹೋದ ಮೇಲೆ ಸಾಹೇಬರು ಪತ್ರಿಕೆಯನ್ನು ಮಡಚಿಟ್ಟರು. ನನ್ನನ್ನು ಒಂದೇ ಪ್ರಶ್ನೆ ಕೇಳಿದರು. "ಹೇಳಬ್ಯಾಡ ಅಂದಿದ್ಳಾ?"

"ಅಂದಿದ್ಳು ಸರ್."

"ಹಂಗಾದ್ರೆ ಕೇಸು ಸೋತಿದ್ರೂ ನಡೀತಿತ್ತು ಬೇಟಿ."

ಆಮೇಲೆ, "ನಾನಾದ್ರೂ ಕೇಳ್ಬೇಕಿತ್ತು. ಮೂವತ್ತು ವರ್ಷ ಪಾಠ ಹೇಳೀನಿ, ಈ ಹಕ್ಕಿನ ಮಾತು ಹುಟ್ಟಿದ್ದೇ ಪತ್ರಿಕೆಯವರ ಕಾಟಕ್ಕೆ ಅಂತ. ಪ್ರತಿ ಕೊಡು ಅಂದವನೂ ನಾನೇ" ಎಂದರು. ತಪ್ಪೊಪ್ಪಿಗೆ ಅಚ್ಚು ಹಾಕಿಸೋಣವೇ ಎಂದು ಕೇಳಿದೆ. ಬೇಡ, ಮತ್ತೊಮ್ಮೆ ಅಚ್ಚಾದರೆ ಮತ್ತೊಮ್ಮೆ ಓದುತ್ತಾರೆ ಎಂದರು.

ಆ ಭಾನುವಾರ ನನ್ನನ್ನೂ ಕರೆದುಕೊಂಡು ಹರಿಹರದ ಬಸ್ಸು ಹತ್ತಿದರು. ಆ ಮನೆಯ ಬಾಗಿಲು ಮುಚ್ಚಿತ್ತು. ಸಾಹೇಬರು ಪಕ್ಕಕ್ಕೆ ನಿಂತು, ಬೀದಿಗೆ ಮುಖ ಮಾಡಿ ಕರೆದರು. ಕಾದರು. ಮತ್ತೆ ಕರೆದರು. ಎದುರುಮನೆಯ ಜಗುಲಿಯ ಮೇಲೆ ಜನ ಕೂತು ನೋಡುತ್ತಿದ್ದರು. ಮೂರನೆಯ ಸಲವೂ ಕರೆದರು. ಕಿಟಕಿಯ ಸಂದಿನಲ್ಲಿ ಸೀರೆಯ ಬಣ್ಣ ಸರಿದದ್ದು ನನಗೆ ಸ್ಪಷ್ಟವಾಗಿ ಕಂಡಿತು.

"ಒಳಗಿದಾರೆ ಸರ್. ಇನ್ನೊಂದ್ಸಲ ಕರೀರಿ" ಎಂದೆ.

"ಅದಾರಂತ ನಂಗೂ ಗೊತ್ತು. ಬಾಗ್ಲು ತೆಗೀದೇ ಇರೋದೂ ಅವರ ಹಕ್ಕೇ ಅಲ್ಲೇನು? ಅದಕ್ಕೇ ತಾನೇ ನಾವು ಹೈಕೋರ್ಟಿಗೆ ಹೋಗಿದ್ದು? ನಡಿ" ಎಂದು ಹೆಜ್ಜೆ ಹಾಕಿದರು. ಬಸ್‌ಸ್ಟ್ಯಾಂಡಿನಲ್ಲಿ ಅವರು ಕೋಟಿನ ತೋಳಿನಿಂದ ಕಣ್ಣೊರೆಸಿಕೊಂಡದ್ದನ್ನು ನೋಡಿಯೂ ನೋಡದವಳಂತೆ ಬೇರೆ ಕಡೆ ತಿರುಗಿಕೊಂಡೆ.

ಅಲ್ಲಿಂದಾಚೆ ನಮ್ಮ ಕಚೇರಿಯ ಕೆಲಸದ ರೀತಿಯೇ ಬದಲಾಯಿತು. ಅರ್ಜಿ ಬರೆದ ಮೇಲೆ ಅದರಲ್ಲಿ ಹೆಸರು ಬಂದ ಪ್ರತಿಯೊಬ್ಬರಿಗೂ, ಅದರಲ್ಲೂ ಹೆಣ್ಣುಮಕ್ಕಳಿಗೆ, ಅವರವರ ಭಾಗವನ್ನು ಓದಿ ಹೇಳಬೇಕು. ಅವರು ಬೇಡವೆಂದ ಸಾಲನ್ನು ಅವರ ಕಣ್ಣೆದುರೇ ಹೊಡೆದುಹಾಕಬೇಕು. "ಹೊಡೆದರೆ ಕೇಸು ಸಡಿಲಾಗುತ್ತೆ ಸರ್" ಎಂದು ನಾನು ವಾದಿಸಿದ್ದುಂಟು. "ಆಗ್ಲಿ. ನಿನ್ನ ತಲಿ ಗಟ್ಟಿ ಐತಲ್ಲ, ಅದರಿಂದ ಕೇಸು ಬಿಗಿ ಮಾಡು" ಎನ್ನುತ್ತಿದ್ದರು. ತರಗತಿಯಲ್ಲೂ ಗೆದ್ದ ಕೇಸುಗಳ ಜೊತೆಗೆ ಈ ಕಥೆ ಸೇರಿಕೊಂಡಿತು. ಊರಿಲ್ಲ, ಹೆಸರಿಲ್ಲ, ಒಬ್ಬ ತಿಳಿಗೇಡಿ ವಕೀಲ ಇದ್ದ ಎಂದು ಶುರು ಮಾಡುತ್ತಿದ್ದರು. ಆ ತಿಳಿಗೇಡಿ ಯಾರೆಂದು ಹುಡುಗರು ಕೇಳಿದರೆ ತಮ್ಮ ಎದೆ ಮುಟ್ಟಿ ತೋರಿಸುತ್ತಿದ್ದರು. ಆ ಕಥೆಯಲ್ಲಿ ಜೂನಿಯರ್ ಒಬ್ಬಳು ಯಾವತ್ತೂ ಬರಲೇ ಇಲ್ಲ.

ಆ ಕುಟುಂಬ ಹರಿಹರ ಬಿಟ್ಟಿತೆಂದು ಕೇಳಿದೆ. ಎಲ್ಲಿಗೆ ಎಂಬುದು ಸಾಹೇಬರಿಗೆ ತಿಳಿದಿತ್ತೆಂದು ನನ್ನ ಅನುಮಾನ. ಒಂದೊಂದು ಭಾನುವಾರ ಅವರು ಯಾರಿಗೂ ಹೇಳದೆ ಎಲ್ಲಿಗೋ ಹೋಗಿ ಬರುತ್ತಿದ್ದರು. ನಾನು ಕೇಳಲಿಲ್ಲ. ಅಷ್ಟರಮಟ್ಟಿಗೆ ಪಾಠ ನನ್ನ ತಲೆಗೂ ಹತ್ತಿತ್ತು.

ಎಂಬತ್ತರ ದಶಕ ಮುಗಿಯುವ ಮುಂಚೆ ಸಾಹೇಬರು ತೀರಿಕೊಂಡರು. ಬೆಳಿಗ್ಗೆ ಪಾಠ ಹೇಳಿ ಬಂದವರು ಚಹಾ ಕುಡಿಯುತ್ತ ಒರಗಿದರಂತೆ, ಏಳಲಿಲ್ಲ. ಸುಮಾರು ಮೂವತ್ತು ವರ್ಷ ಕಳೆದ ಮೇಲೆ, ಖಾಸಗಿತನ ನಮ್ಮ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟು ಒಂಬತ್ತು ಜನ ನ್ಯಾಯಮೂರ್ತಿಗಳನ್ನು ಕೂರಿಸಿ ಒಕ್ಕೊರಲಿನಿಂದ ಹೇಳಿದ್ದನ್ನು ಕೇಳಲು ಅವರಿರಲಿಲ್ಲ. ಆ ದಿನ ಮುದುಕಿಯಾಗಿದ್ದ ನಾನು ಟಿವಿಯ ಮುಂದೆ ಕೂತು ಒಬ್ಬಳೇ ಅತ್ತೆ.

ಸಾಹೇಬರು ತೀರಿಕೊಂಡ ದಿನ ಗಂಡಸರು ಜನಾಜ ಹೊತ್ತು ಮಣ್ಣಿಗೆ ಹೋದ ಮೇಲೆ ಒಳಕೋಣೆಯಲ್ಲಿ ಹೆಂಗಸರು ಉಳಿದೆವು. ಸಾಹೇಬರ ಹೆಂಡತಿಯ ಸುತ್ತ ನೆಂಟರು, ಕಕ್ಷಿದಾರರು, ನೆರೆಯವರು. ಮೂಲೆಯಲ್ಲಿ ಒಬ್ಬಳು ಮಡಿಲಲ್ಲಿ ಮಗುವನ್ನು ಮಲಗಿಸಿಕೊಂಡು ಕೂತಿದ್ದಳು. ಕುತ್ತಿಗೆಯಲ್ಲಿ ತಾಳಿ, ಮೈ ಸ್ವಲ್ಪ ತುಂಬಿತ್ತು. ತಲೆಯೆತ್ತಿದಾಗ ಗುರುತು ಸಿಕ್ಕಿತು, ಹರಿಹರದ ಆ ಹುಡುಗಿ. ಅವಳಿಗೂ ಸಿಕ್ಕಿತು. ಅಲ್ಲೇ ಅವಳ ಕಾಲು ಹಿಡಿದು, ಬರೆದವಳು ನಾನು, ಸಾಹೇಬರಲ್ಲ ಎಂದು ಹೇಳಿಬಿಡಬೇಕು ಎನ್ನಿಸಿತು. ಹೇಳಿದರೆ ಅಷ್ಟು ಹೆಂಗಸರ ಮುಂದೆ ಅವಳ ಕಥೆಯೂ ಹೊರಗೆ ಬರುತ್ತಿತ್ತು.

ಪಕ್ಕದ ಮನೆಯ ಹೆಂಗಸೊಬ್ಬಳು ಅವಳ ಕಡೆ ಬಾಗಿ ಕೇಳಿದಳು. "ಯಾವೂರಮ್ಮ ನೀನು? ಸಾಹೇಬ್ರ ಹತ್ರ ಏನು ಕೇಸಿತ್ತು?"

ಅವಳು ಮಗುವನ್ನು ಎದೆಗೆ ಒತ್ತಿಕೊಂಡಳು. ನಾನು ಎದ್ದು ಹೋಗಿ ಇಬ್ಬರ ನಡುವೆ ಕೂತೆ.

"ಕೇಸೇನೂ ಇಲ್ಲ. ನನ್ನ ತಂಗಿ. ನನ್ನ ಜೊತೆ ಬಂದಾಳ" ಎಂದೆ.

ಅವಳು ಅಲ್ಲ ಎನ್ನಲಿಲ್ಲ.