ಹಳದಿ ಸೇವಂತಿಗೆಗೆ ಕೆಂಪು ಹತ್ತಿ

ತೊಂಬತ್ತರ ದಶಕದ ಕೊನೆಯಲ್ಲಿ ಭದ್ರಾವತಿಯ ನ್ಯೂಟೌನಿನಲ್ಲಿ ಮದುವೆಯಾಗದ ಹೆಣ್ಣಿಗೆ ಇದ್ದ ದೊಡ್ಡ ಕಾಯಿಲೆ ವಯಸ್ಸು. ನನಗೆ ಮೂವತ್ತಾಗಿತ್ತು. ನೋಡಲು ಬಂದವರೆಲ್ಲ ಕೇಸರಿಬಾತು ತಿಂದು, ಊರು ಸೇರಿದ ಮೇಲೆ 'ಹುಡುಗಿಗೆ ವಯಸ್ಸಾಯ್ತಲ್ಲ' ಎಂದು ಹೇಳಿ ಕಳಿಸುತ್ತಿದ್ದರು. ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ಪಂಪ್‌ಸೆಟ್ ಅಂಗಡಿ ಇಟ್ಟವನ ಸಂಬಂಧ ಬಂದಾಗ ಅಮ್ಮ ಹಿಂದೆಮುಂದೆ ನೋಡದೆ ನನ್ನ ವಯಸ್ಸಿನಲ್ಲಿ ನಾಲ್ಕು ವರ್ಷ ಕಿತ್ತುಹಾಕಿ, ಜಾತಕವನ್ನೂ ಹಾಗೇ ಬರೆಸಿದಳು. ಫೋಟೋದಲ್ಲಿ ನೋಡಿದ ಮುಖ ನನಗೆ ಬಹಳ ಹಿಡಿಸಿತ್ತು. ಹಾಗಾಗಿ ನಾನೂ ತುಟಿ ಪಿಟಕ್ ಎನ್ನಲಿಲ್ಲ.

"ಜಾತಕ ಏನೋ ಕೂಡಿತು. ಮುಖಾನೂ ಇಪ್ಪತ್ತಾರರ ಹಾಗೆ ಕಾಣ್ಬೇಕಲ್ಲ," ಎಂದು ಅಮ್ಮ ಕೊರಗುತ್ತಿದ್ದಾಗ ದಾರಿ ತೋರಿಸಿದವರು ಪಕ್ಕದ ಮನೆ ಆಂಟಿ. ಗಂಡನ ಟ್ರೇನಿಂಗಿನ ದೆಸೆಯಿಂದ ಅವರು ಒಂದು ವರ್ಷ ಜಪಾನಿನಲ್ಲಿ ಇದ್ದು ಬಂದಿದ್ದರು. ಅವರ ಬಾಯಲ್ಲಿ ಅಕ್ಕಿ ಬೇಯುವುದಕ್ಕೂ ಒಂದು ಜಪಾನಿನ ಕತೆ ಇರುತ್ತಿತ್ತು.

"ನಿಮ್ಮನೇಲಿ ಸೇವಂತಿಗೆ ಇಟ್ಕೊಂಡು ಚಿಂತೆ ಯಾಕೆ ಮಾರಾಯ್ತಿ? ಅಲ್ಲಿ ರಾಜನ ಮುದ್ರೆಯೇ ಆ ಹೂವು. ಅದರ ಎಲೆ ಮೇಲಿನ ಇಬ್ಬನಿ ಕುಡಿದು ಒಬ್ಬ ನೂರಾರು ವರ್ಷ ಹುಡುಗನಾಗೇ ಇದ್ನಂತೆ. ಸೇವಂತಿಗೆ ಹಬ್ಬದ ಹಿಂದಿನ ಸಂಜೆ ಹೂವಿಗೆ ಹತ್ತಿ ಹೊದಿಸ್ತಾರೆ. ಬೆಳಗ್ಗೆ ಒದ್ದೆ ಹತ್ತೀಲಿ ಮುಖ ಒರೆಸ್ಕೊಂಡ್ರೆ ಮುಪ್ಪು ಹತ್ರ ಸುಳಿಯಲ್ಲ."

"ಹಬ್ಬ ಯಾವತ್ತು?"

"ಒಂಬತ್ತನೇ ತಿಂಗಳು ಒಂಬತ್ತನೇ ತಾರೀಕು."

"ಗಂಡಿನ ಕಡೆಯವ್ರು ಭಾನುವಾರ ಬರ್ತಾರೆ. ಶನಿವಾರ ಹೊದಿಸಿದ್ರೆ ಆಯ್ತು," ಎಂದು ಅಮ್ಮ ಜಪಾನಿನ ಪಂಚಾಂಗವನ್ನೇ ತಿದ್ದಿದಳು.

ಬಿಳಿ ಸೇವಂತಿಗೆ ಅಲ್ಲಿ ಸಾವಿನ ಮನೆಗೆ ಹೋಗುವ ಹೂವು ಎಂದೂ ಆಂಟಿ ಎಚ್ಚರಿಸಿದರು. ಪುಣ್ಯಕ್ಕೆ ನಮ್ಮ ಕುಂಡದಲ್ಲಿ ಇದ್ದದ್ದು ಹಳದಿ. ಆದರೆ ಹತ್ತಿಗೂ ಬಣ್ಣದ ನಿಯಮವಿತ್ತು: ಬಿಳಿ ಹೂವಿಗೆ ಹಳದಿ ಹತ್ತಿ, ಕೆಂಪು ಹೂವಿಗೆ ಬಿಳಿ, ಹಳದಿ ಹೂವಿಗೆ ಕೆಂಪು. ಕೆಂಪು ಹತ್ತಿ ಎಲ್ಲಿಂದ ತರುವುದು? ಅಮ್ಮ ದೀಪದ ಬತ್ತಿಗೆಂದು ಇಟ್ಟಿದ್ದ ಅರಳೆಯನ್ನು ತೆಗೆದು, ಕುಂಕುಮ ಕಲಸಿದ ನೀರಲ್ಲಿ ಅದ್ದಿ ಒಣಗಿಸಿದಳು. ಸಂಜೆ ನಾವಿಬ್ಬರೂ ಪ್ರತಿ ಹೂವಿಗೂ ಟೋಪಿ ತೊಡಿಸಿದೆವು.

ಭಾನುವಾರ ಬೆಳಗ್ಗೆ ಕರೆಂಟ್ ಇರಲಿಲ್ಲ. ಅರೆಬೆಳಕಿನ ಹಿತ್ತಲಲ್ಲಿ ತಣ್ಣಗಿನ ಹತ್ತಿಯಿಂದ ಹಣೆ, ಕೆನ್ನೆ, ಕುತ್ತಿಗೆ ಎಲ್ಲ ಉಜ್ಜಿಕೊಂಡೆ. ಎಂಥಾ ಪರಿಮಳ. ಅಮ್ಮ ಅತ್ತಿತ್ತ ನೋಡಿ, "ನಂಗೂ ಒಂಚೂರು ಕೊಡೇ," ಎಂದಳು. ಅಷ್ಟರಲ್ಲಿ ಶಿಫ್ಟ್ ಮುಗಿಸಿ ಬಂದ ಅಪ್ಪ ಸೈಕಲ್ ಹಿಡಿದೇ ನಿಂತುಬಿಟ್ಟರು. "ಏನ್ರೇ ಇದು, ಮಾರಿ ಬಂದಂಗೆ ಆಗಿದೀರಲ್ಲ ಇಬ್ರೂ."

ಕಡಲೆಹಿಟ್ಟು ಹಾಕಿ ಉಜ್ಜಿದರೂ, ಹಾಲು ಹಾಕಿ ಉಜ್ಜಿದರೂ ಆ ಕುಂಕುಮ ಜಪ್ಪಯ್ಯ ಅನ್ನಲಿಲ್ಲ. ಉಜ್ಜಿದಷ್ಟೂ ನಮಗೆ ನಗು. ಅಮ್ಮ ಅಳುತ್ತಲೇ ನಗುತ್ತಿದ್ದಳು.

ಹತ್ತಕ್ಕೆ ಅವರು ಬಂದರು. ಹುಡುಗ ಫೋಟೋಗಿಂತ ಚೆನ್ನಾಗಿದ್ದ. ಕಾಫಿ ಕೊಡಲು ಬಗ್ಗಿದಾಗ ಅವನ ತಾಯಿ ನನ್ನ ಮುಖವನ್ನೇ ದಿಟ್ಟಿಸಿದರು. "ಏನಮ್ಮಾ, ಅಲರ್ಜಿನಾ?"

ಹೂಂ ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಅಷ್ಟೊತ್ತು ತಡೆದಿದ್ದ ನಗು ಕಿತ್ತುಕೊಂಡು ಬಂತು. ಹತ್ತಿಯ ಕತೆಯನ್ನು ಒಂದೂ ಬಿಡದೆ ಹೇಳಿಬಿಟ್ಟೆ.

"ಇಪ್ಪತ್ತಾರಕ್ಕೇ ಯಾಕಮ್ಮಾ ಇದೆಲ್ಲ?" ಎಂದರು ಅವನ ತಾಯಿ.

"ಇಪ್ಪತ್ತಾರಲ್ಲ ಅಮ್ಮಾ, ಮೂವತ್ತು," ಎಂದೆ. ನಗು ಅಲ್ಲಿಗೇ ನಿಂತಿತು. ಅಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಇವನೂ ಹೋದ ಎಂದುಕೊಂಡೆ.

ಹುಡುಗ ಕಾಫಿ ಲೋಟ ಕೆಳಗಿಟ್ಟ. "ನಂದೂ ಮೂವತ್ತೊಂದಲ್ಲ. ಮೂವತ್ತಾರು," ಎಂದ. ಅವನ ತಾಯಿ ತೊಡೆ ಚಿವುಟಿದ್ದು ಎಲ್ಲರಿಗೂ ಕಂಡಿತು.

ಅಪ್ಪ ಗಂಟಲು ಸರಿಮಾಡಿಕೊಂಡರು. "ಹಂಗಾದ್ರೆ ಮೂವತ್ತಾರು ಗುಣದಲ್ಲಿ ಇಪ್ಪತ್ತೆಂಟು ಕೂಡಿದ್ದು ಯಾರ್ಯಾರ ಜಾತಕ ಸ್ವಾಮೀ?"

ಹೊಸದಾಗಿ ಜಾತಕ ಬರೆಸಬೇಕು, ಮತ್ತೆ ತೋರಿಸಬೇಕು ಎಂದು ಹಿರಿಯರು ತಮ್ಮತಮ್ಮಲ್ಲೇ ಮಾತಿಗೆ ಬಿದ್ದರು. ಹುಡುಗಿಗೆ ಒಪ್ಪಿಗೆಯೇ ಎಂದು ಅವತ್ತಿನವರೆಗೆ ಯಾವ ಮನೆಯವರೂ ನನ್ನನ್ನು ಕೇಳಿರಲಿಲ್ಲ, ಅವತ್ತೂ ಕೇಳಲಿಲ್ಲ. ನಾನು ಅವನ ಕಡೆಗೇ ತಿರುಗಿ, "ನಂಗೆ ಒಪ್ಪಿಗೆ," ಎಂದೆ.