ಮರೆಗುಳಿ ಮಷಿನ್ನುಗಳ ಮಾಸ್ತರು

ಸಿಂದಗಿಗೆ ಸೈಬರ್ ಕೆಫೆ ಬಂದು ವರ್ಷವಾಯಿತು. ಶಂಕ್ರೆಪ್ಪ ಮಾಸ್ತರರು ಇನ್ನೂ ಅತ್ತ ಹಾಯ್ದಿಲ್ಲ. ಅವರಿಗೆ ಬೇಕಾದದ್ದು ಟಿವಿಗೆ ಜೋಡಿಸುವ, ಕೀಬೋರ್ಡಿನೊಳಗೇ ಎಲ್ಲ ಅಡಗಿರುವ ಎಂಟು ಬಿಟ್ಟಿನ ಹಳೆಯ ಕಂಪ್ಯೂಟರು. ಇಂಡಿ ಊರಿನ ಯಾವುದೋ ಶಾಲೆಯವರು ಸಾಮಾನಿನ ಕೋಣೆ ಖಾಲಿ ಮಾಡುತ್ತಿದ್ದಾರೆಂದು ಕಿವಿಗೆ ಬಿದ್ದರೆ ಸಾಕು, ಉಣ್ಣುವ ತಾಟು ಬಿಟ್ಟು ಬಸ್ಸು ಹತ್ತುತ್ತಾರೆ. ಬರುವಾಗ ಅಂಥದೊಂದು ಕಂಪ್ಯೂಟರನ್ನು ಟವೆಲಿನಲ್ಲಿ ಸುತ್ತಿ, ಎಳೆಗೂಸಿನಂತೆ ತೊಡೆಯ ಮೇಲಿಟ್ಟುಕೊಂಡಿರುತ್ತಾರೆ. ಮನೆಗೆ ತಂದು ಬಿಚ್ಚಿದಾಗ ಒಳಗೆ ಹಲ್ಲಿಯ ಮೊಟ್ಟೆ ಸಿಕ್ಕರೆ ಒಡೆಯದಂತೆ ತೆಗೆದು ಗೋಡೆಯ ಗೂಡಿನಲ್ಲಿಡುತ್ತಾರೆ. ಆಮೇಲೆ ಬಿಟ್ಟುಹೋದ ತಂತಿಗಳಿಗೆ ಬೆಸುಗೆ ಹಾಕಿ, ಪ್ರೋಗ್ರಾಮನ್ನು ಸಾಲು ಸಾಲಾಗಿ ಟೈಪು ಮಾಡುತ್ತಾರೆ. ಅದು ಮುಗಿಯುವುದರೊಳಗೆ ಕರೆಂಟು ಹೋಗುತ್ತದೆ. ಮರಳಿ ಬಂದಾಗ ಕಂಪ್ಯೂಟರಿಗೆ ಒಂದಕ್ಷರವೂ ನೆನಪಿರುವುದಿಲ್ಲ. "ಎಲ್ಲಾ ಮರಿಯೋ ಈ ಡಬ್ಬಿ ಯಾಕ ಬೇಕ್ರಿ ಸರ?" ಎಂದು ನೆರೆಮನೆಯ ಸುಭಾಸ ಕೇಳಿದರೆ, "ಮರತರ ಏನಾತು? ಮತ್ತ ಹೇಳಿದ್ರಾತು," ಎಂದು ಮೊದಲ ಸಾಲಿನಿಂದ ಶುರು ಮಾಡುತ್ತಾರೆ. ಅಷ್ಟರಲ್ಲಿ ಮೂಲೆಯ ಹೊರಸಿನ ಮೇಲೆ ಕೂತ ತಾಯಿ ಹೊನ್ನವ್ವ, ಬೆಳಕಿಗೆ ಕಣ್ಣು ಕಿರಿದು ಮಾಡಿ, "ನೀ ಯಾರ ಮಗಾ, ಯಪ್ಪಾ?" ಎನ್ನುತ್ತಾಳೆ, ನಿನ್ನೆ ಕೇಳಿದ ಹಾಗೆಯೇ. ಮಾಸ್ತರರು ಕೀಬೋರ್ಡಿನಿಂದ ಕೈ ತೆಗೆದು, ಹತ್ತಿರ ಹೋಗಿ ಕೂರುತ್ತಾರೆ. "ನಿನ್ನ ಮಗಾ, ಯವ್ವಾ. ನಾ ಶಂಕ್ರೆಪ್ಪ."