ಆರೂವರೆ ಸಿಸಿಯ ಎಂಜಿನ್

ದೋಣಿಯ ಎಂಜಿನ್ ರಿಪೇರಿ ಮಾಡಿಯೇ ನನ್ನ ಅರ್ಧ ಆಯುಷ್ಯ ಕಳೆದಿದೆ. ಉಚ್ಚಿಲದಲ್ಲಿ ಹೆದ್ದಾರಿಯ ಬದಿಗೆ ನನ್ನ ಶೆಡ್. ಅಲ್ಲಿಗೆ ಬರುವ ಮೀನುಗಾರರಿಗೆಲ್ಲ ನಾನು ಹೇಳುತ್ತಿದ್ದದ್ದು ಒಂದೇ ಮಾತು: ಬೇಕಾದದ್ದಕ್ಕಿಂತ ಒಂದು ಸೈಜ್ ದೊಡ್ಡ ಎಂಜಿನ್ ಹಾಕಿ. ಇದು ಪುಸ್ತಕ ಓದಿ ಕಲಿತದ್ದಲ್ಲ. ವರ್ಷಗಳ ಹಿಂದೆ ಒಮ್ಮೆ ರಿಪೇರಿಯಾದ ದೋಣಿಯ ಪರೀಕ್ಷೆಗೆ ಹೋದಾಗ ಅದರ ಚಿಕ್ಕ ಎಂಜಿನ್ ಅಲೆಗಳಿಗೆ ಸೋತು ನಿಂತು, ಕಾಪುವಿನ ದೀಪಸ್ತಂಭ ಕಣ್ಣೆದುರೇ ಇದ್ದರೂ ದಡ ಸೇರಲಾಗದೆ ಇಡೀ ಮಧ್ಯಾಹ್ನ ತೇಲಿದ್ದೇನೆ. ಅಷ್ಟು ಹೊತ್ತೂ ಅಮ್ಮ ಮೀನಿನ ಬುಟ್ಟಿ ಬದಿಗಿಟ್ಟು ದಡದಲ್ಲಿ ನಿಂತಿದ್ದಳು.

ಇಂಥ ನನಗೆ ನಲವತ್ತೈದು ದಾಟಿದ ಮೇಲೆ ರಿಮೋಟ್ ವಿಮಾನದ ಹುಚ್ಚು ಹಿಡಿಯಿತು. ಹಿಡಿಸಿದವರು ಮಣಿಪಾಲದಲ್ಲಿ ವರ್ಕ್‌ಶಾಪ್ ಪಾಠ ಮಾಡಿ ನಿವೃತ್ತರಾದ ಒಬ್ಬ ಮೇಷ್ಟ್ರು. ಅವರು ಹೇಳಿಕೊಟ್ಟಂತೆ ಮಳೆಗಾಲವಿಡೀ ಕೂತು, ಬಾಲ್ಸಾ ಎಂಬ ಹಗುರ ಮರದ ತೆಳು ಹಲಗೆಗಳನ್ನು ಬ್ಲೇಡಿನಲ್ಲಿ ಕತ್ತರಿಸಿ, ಅಂಟಿಸಿ, ಕಲಿಯುವವರ ವಿಮಾನವೊಂದನ್ನು ಕಟ್ಟಿದೆ. ರೆಕ್ಕೆ ನಾನು ತೋಳು ಚಾಚಿದಷ್ಟು ಉದ್ದ, ತೂಕ ಮಾತ್ರ ಇಲ್ಲವೆಂಬಷ್ಟು. ಕಬ್ಬಿಣ ಹಿಡಿದು ಅಭ್ಯಾಸವಾದ ಕೈಗೆ ಅದನ್ನು ಎತ್ತುವುದಕ್ಕೇ ಭಯ.

ಕೊನೆಗೆ ಮೇಷ್ಟ್ರು ಶೆಡ್ಡಿನ ಮೇಜಿನ ಮೇಲೆ ತಮ್ಮ ಎರಡು ಹಳೆಯ ಎಂಜಿನ್ ತಂದಿಟ್ಟರು. ಒಂದು ಹತ್ತು ಸಿಸಿ, ಇನ್ನೊಂದು ಆರೂವರೆ. ಚಿಕ್ಕದು ನನ್ನ ಅಂಗೈಯಲ್ಲಿ ಕೂರುತ್ತಿತ್ತು.

"ಕಲಿಯುವವನಿಗೆ ಚಿಕ್ಕದು ಸಾಕು ಮಾರಾಯ. ಎಂಜಿನ್ ಆರಿಸುವುದರಲ್ಲಿ ತಪ್ಪಿದರೆ ನಾಲ್ಕು ತಿಂಗಳ ಕೆಲಸ ಒಂದೇ ನಿಮಿಷದಲ್ಲಿ ಪುಡಿ."

"ಎಂಜಿನ್ ವಿಷಯ ನನಗೆ ಹೇಳ್ಬೇಕಾ ಸರ್?" ಎಂದು ನಾನು ದೊಡ್ಡದನ್ನೇ ಎತ್ತಿಕೊಂಡೆ. ಮೇಷ್ಟ್ರು ನಕ್ಕು ಎರಡನ್ನೂ ಬಿಟ್ಟುಹೋದರು.

ನಮ್ಮ ಮನೆಯಲ್ಲಿ ಹೊಸ ಎಂಜಿನ್ ಕೂರಿಸಿದರೆ ಮೊದಲು ಅಮ್ಮನೇ ಅದನ್ನು ಚಾಲೂ ಮಾಡಬೇಕು. ಆ ಪದ್ಧತಿ ಬಿಡಲು ಮನಸ್ಸಾಗದೆ, ದೊಡ್ಡ ಎಂಜಿನ್ ಕೂರಿಸಿದ ವಿಮಾನವನ್ನು ಅವಳೆದುರು ತಂದಿಟ್ಟೆ. ಅವಳು ಎಂಜಿನ್ನಿನ ಕಡೆ ನೋಡಲೂ ಇಲ್ಲ. ಜೀವಮಾನವಿಡೀ ಮೀನಿನ ತೂಕವನ್ನು ಕೈಯಲ್ಲೇ ಅಳೆದವಳು. ರೆಕ್ಕೆಯ ಅಡಿಗೆ ಎರಡು ಕಡೆ ಒಂದೊಂದು ಬೆರಳು ಕೊಟ್ಟು ಮೆಲ್ಲಗೆ ಎತ್ತಿದಳು. ವಿಮಾನ ಮುಂದಕ್ಕೆ ಮುಗ್ಗರಿಸಿತು.

"ಮೂಗಿಗಿಂತ ಮೂಗುತಿ ಭಾರ ಆಯ್ತಲ್ಲಾ ಮಗಾ. ಇದು ಎಂತ ಹಾರುವುದು?"

ನನಗೆ ಸಿಟ್ಟು ಬಂತು. ಬಾಲಕ್ಕೆ ಸ್ವಲ್ಪ ಸೀಸ ಕಟ್ಟಿದರೆ ಸರಿಯಾಗುತ್ತದೆ ಎಂದು ವಾದಿಸಿದೆ.

"ಹಾರ್ಲಿಕ್ಕೆ ಇರುವುದಕ್ಕೆ ಇನ್ನೂ ಭಾರ ಕಟ್ಟುವುದಾ?"

ಗೊಣಗುತ್ತಲೇ ದೊಡ್ಡದನ್ನು ಬಿಚ್ಚಿ ಚಿಕ್ಕದನ್ನು ಕೂರಿಸಿದೆ. ಅವಳು ಮತ್ತೆ ಎತ್ತಿದಳು. ಈ ಸಲ ವಿಮಾನ ಎರಡು ಬೆರಳ ಮೇಲೆ ಅಲುಗದೆ ನಿಂತಿತು. ವಿಮಾನದ ನಕಾಶೆ ನೋಡಿ, ಸ್ಕೇಲು ಹಿಡಿದು, ತೂಕ ಸಮನಾಗಬೇಕಾದ ಜಾಗಕ್ಕೆ ಮೇಷ್ಟ್ರು ರೆಕ್ಕೆಯಡಿ ಪೆನ್ಸಿಲಿನಲ್ಲಿ ಗುರುತು ಹಾಕಿದ್ದರು. ಅಮ್ಮನ ಬೆರಳುಗಳು ಸರಿಯಾಗಿ ಆ ಗುರುತಿನ ಮೇಲೇ ಇದ್ದವು. ಅವಳಿಗೆ ಗುರುತು ಇರುವುದೇ ಗೊತ್ತಿರಲಿಲ್ಲ.

ಕೊಯ್ಲು ಮುಗಿದ ಮೇಲೆ ಒಂದು ಬೆಳಿಗ್ಗೆ ಶಿರ್ವದ ಗದ್ದೆಗೆ ಮೂವರೂ ಹೋದೆವು. ಅಮ್ಮ ಸೆರಗು ಸಿಕ್ಕಿಸಿಕೊಂಡು, ಮೇಷ್ಟ್ರು ಕೊಟ್ಟ ಕೋಲಿನಿಂದ ಪ್ರೊಪೆಲ್ಲರ್ ತಟ್ಟಿದಳು. ಎರಡನೇ ಏಟಿಗೆ ಎಂಜಿನ್ ಕೂಗಿತು, ಇಂಧನಕ್ಕೆ ಬೆರೆಸಿದ್ದ ಹರಳೆಣ್ಣೆ ಸುಟ್ಟ ವಾಸನೆ ಹರಡಿತು. ಮೇಷ್ಟ್ರು ವಿಮಾನವನ್ನು ಮೇಲೇರಿಸಿ ರಿಮೋಟನ್ನು ನನ್ನ ಕೈಗಿತ್ತರು. ಅಂಗೈಯಗಲದ ಆ ಎಂಜಿನ್ ನನ್ನ ಇಡೀ ಮಳೆಗಾಲವನ್ನು ತೆಂಗಿನ ಮರಗಳ ಮೇಲೆ ಹೊತ್ತು ಸುತ್ತುತ್ತಿತ್ತು. ನಾನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ.

ಅಷ್ಟರಲ್ಲಿ ಎಂಜಿನ್ ನಿಂತಿತು.

ಆ ಮೌನ ನನಗೆ ಗೊತ್ತು. ರಿಮೋಟನ್ನು ಮೇಷ್ಟ್ರ ಎದೆಗೆ ಒತ್ತಿದೆ, ಅವರು ಮುಟ್ಟಲಿಲ್ಲ.

"ಹೆದರ್ಬೇಡ. ಮೂತಿ ಸ್ವಲ್ಪ ಕೆಳಗೆ ಮಾಡಿ ಬಿಡು. ಅದೇ ಬರ್ತದೆ."

ಬಂತು. ಸದ್ದಿಲ್ಲದೆ, ಆತುರವಿಲ್ಲದೆ, ಗಾಳಿಯ ಮೇಲೆ ಒರಗಿಕೊಂಡು ಇಳಿಯಿತು. ಭತ್ತದ ಕೂಳೆಯ ಮೇಲೆ ಸರಸರನೆ ಜಾರಿ ನಮ್ಮೆದುರೇ ನಿಂತಿತು. ಒಂದು ಗೀರೂ ಬಿದ್ದಿರಲಿಲ್ಲ. ದೊಡ್ಡ ಎಂಜಿನ್ ಇದ್ದಿದ್ದರೆ ಇಷ್ಟು ಮೆತ್ತಗೆ ಇಳಿಯುತ್ತಿರಲಿಲ್ಲ ಎಂದರು ಮೇಷ್ಟ್ರು. ಎಂಜಿನ್ ನಿಂತರೂ ಮನೆಗೆ ಮರಳುವ ವಾಹನವನ್ನು ನಾನು ಅದೇ ಮೊದಲು ನೋಡಿದ್ದು.

ತಿರುಗಿ ನೋಡಿದರೆ ಅಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡಿದ್ದಳು. ಮೆಲ್ಲಗೆ ಬಂದು ರೆಕ್ಕೆಯ ಮೇಲೆ ಕೈಯಿಟ್ಟಳು.

"ನಿಂತ ಮೇಲೂ ಬಂತಲ್ಲಾ," ಎಂದಳು. ಇಷ್ಟು ವರ್ಷವೂ ಅವಳು, ನಾನು ತೇಲಿದ ಆ ಮಧ್ಯಾಹ್ನದ ದಡದಿಂದ ಮನೆಗೆ ಹೋಗಿರಲೇ ಇಲ್ಲ ಎಂದು ನನಗೆ ತಿಳಿದದ್ದು ಅಂದು.